ತಕ್ಕಡಿಯ ಮುಂದೆ ನಿಂತುಹೋಗುವ ‘ಒಂದೇ ಕೋಡ್’

ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿಯ ಹಾಲಿನ ಡೇರಿ. ಬೆಳಿಗ್ಗೆ ಆರೂವರೆಯಿಂದ ಏಳೂವರೆಯೊಳಗೆ ನೂರಕ್ಕೂ ಹೆಚ್ಚು ಮನೆಗಳ ಹಾಲು ಅಲ್ಲಿ ಕ್ಯಾನಿಗೆ ಇಳಿಯಬೇಕು. ಪ್ರತಿಯೊಬ್ಬರ ಹಾಲಿಗೂ ತೂಕ, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ, ದರ ಕಟ್ಟಿ, ಕೈಗೆ ಚೀಟಿ ಕೊಡಬೇಕು. ಹಾಲಿನ ಗಾಡಿ ಬರುವ ಹೊತ್ತಿಗೆ ಲೆಕ್ಕ ಮುಗಿದಿರಬೇಕು. ಗಾಡಿ ಯಾರಿಗೂ ಕಾಯುವುದಿಲ್ಲ. ಮೇಜಿನ ಮೇಲೆ ಮೂರು ಯಂತ್ರಗಳಿವೆ: ತೂಕದ ಯಂತ್ರ, ಫ್ಯಾಟ್ ನೋಡುವ ಯಂತ್ರ, ಅಂಗೈಯಗಲದ ಪ್ರಿಂಟರ್. ಈ ಮೂರನ್ನೂ ಒಂದು ಮೊಬೈಲ್ ಆ್ಯಪಿಗೆ ಜೋಡಿಸಿಕೊಡುತ್ತೇನೆಂದು ಎರಡು ವರ್ಷದ ಹಿಂದೆ ನಾನು ಒಪ್ಪಿಕೊಂಡೆ. ಆ್ಯಪಿನ ಪರದೆಗಳು ಮೂರು ವಾರದಲ್ಲಿ ಸಿದ್ಧವಾದವು. ಮೂರು ಯಂತ್ರಗಳು ಐದು ತಿಂಗಳು ತಿಂದವು.

ನನ್ನ ಅಂದಾಜು ಅಷ್ಟು ಕೆಟ್ಟದಾಗಿ ತಪ್ಪಲು ಕಾರಣವಾದದ್ದು ನಮ್ಮ ಕಸುಬಿನಲ್ಲಿ ಎಲ್ಲರೂ ಹೇಳುವ ಒಂದು ಮಾತು: ‘ಒಮ್ಮೆ ಬರೆದರೆ ಸಾಕು, ಆಂಡ್ರಾಯ್ಡ್‌ನಲ್ಲೂ ಓಡುತ್ತದೆ, ಐಫೋನಿನಲ್ಲೂ ಓಡುತ್ತದೆ.’ ಚಿಕ್ಕಬಳ್ಳಾಪುರ, ಕೋಲಾರ, ತುಮಕೂರಿನಲ್ಲಿ ಮೂರ್ನಾಲ್ಕು ಜನ ಸೇರಿ ನಡೆಸುವ ಸಣ್ಣ ಸಾಫ್ಟ್‌ವೇರ್ ಅಂಗಡಿಗಳೆಲ್ಲ ಈಗ ಕೊಟೇಶನ್ ಕೊಡುವುದು ಈ ಮಾತಿನ ಮೇಲೆಯೇ. ಪರದೆಯ ಮಟ್ಟಿಗೆ ಅದು ನಿಜ. ಪಟ್ಟಿ, ಗುಂಡಿ, ಬಣ್ಣ, ಲೆಕ್ಕಾಚಾರ, ಸರ್ವರ್ ಜೊತೆಗಿನ ಮಾತುಕತೆ, ಎಲ್ಲವನ್ನೂ ಒಂದೇ ಸಲ ಬರೆದು ಎರಡೂ ಕಡೆ ಓಡಿಸಬಹುದು. ಆದರೆ ಆ್ಯಪ್ ಫೋನಿನ ಹೊರಗೆ ಕೈ ಚಾಚಿ ಒಂದು ತಕ್ಕಡಿಯನ್ನು ಮುಟ್ಟಬೇಕಾದ ಕ್ಷಣದಲ್ಲಿ ಆ ಮಾತು ಮುಗಿಯುತ್ತದೆ. ನಮ್ಮ ಕಡೆಯ ಗಿರಾಕಿಗಳು ಕೇಳುವುದು ಬಹುಪಾಲು ಇಂಥ ಕೆಲಸವನ್ನೇ. ಶಿಡ್ಲಘಟ್ಟದ ರೇಷ್ಮೆಗೂಡಿನ ವ್ಯಾಪಾರಿಗೆ ಬೇಕಾದದ್ದು ಚೆಂದದ ಪರದೆಯಲ್ಲ, ತೂಕ ತಾನಾಗಿ ಫೋನಿಗೆ ಬರುವುದು. ತಿಪಟೂರಿನ ಕೊಬ್ಬರಿ ಮಂಡಿಯವರು ಕೇಳುವುದೂ ಅದನ್ನೇ.

ಫೋನಿನ ಬ್ಲೂಟೂತ್, ಕ್ಯಾಮೆರಾ, ಯುಎಸ್‌ಬಿ ಬಾಗಿಲುಗಳನ್ನು ಕಾಯುವುದು ಅದರ ಕಾರ್ಯಾಚರಣ ವ್ಯವಸ್ಥೆ. ಆಂಡ್ರಾಯ್ಡ್ ಆ ಬಾಗಿಲನ್ನು ತೆರೆಯುವುದು ಕೋಟ್ಲಿನ್ ಅಥವಾ ಜಾವಾ ಭಾಷೆಯಲ್ಲಿ ಕೇಳಿದರೆ. ಐಫೋನ್ ತೆರೆಯುವುದು ಸ್ವಿಫ್ಟ್ ಅಥವಾ ಆಬ್ಜೆಕ್ಟಿವ್-ಸಿ ಭಾಷೆಯಲ್ಲಿ ಕೇಳಿದರೆ. ಫ್ಲಟರ್, ರಿಯಾಕ್ಟ್ ನೇಟಿವ್ ಎಂಬವು ಒಂದೇ ಕೋಡಿನಿಂದ ಎರಡೂ ಬಗೆಯ ಫೋನಿಗೆ ಆ್ಯಪ್ ಕಟ್ಟುವ ಚೌಕಟ್ಟುಗಳು; ನಾನು ಹಿಡಿದದ್ದು ಫ್ಲಟರ್. ಫ್ಲಟರ್ ಆ್ಯಪ್ ಬರೆಯುವುದು ಡಾರ್ಟ್‌ನಲ್ಲಿ, ರಿಯಾಕ್ಟ್ ನೇಟಿವ್ ಆ್ಯಪ್ ಬರೆಯುವುದು ಜಾವಾಸ್ಕ್ರಿಪ್ಟ್‌ನಲ್ಲಿ. ಬಾಗಿಲು ಕಾಯುವವನಿಗೆ ಈ ಭಾಷೆಗಳು ಗೊತ್ತಿಲ್ಲ. ಹಾಗಾಗಿ ಎಲ್ಲೋ ಒಂದು ಕಡೆ, ಯಾರೋ ಒಬ್ಬರು, ಆ ಆ ಫೋನಿನ ಸ್ವಂತ ಭಾಷೆಯಲ್ಲಿ ಕೋಡ್ ಬರೆದಿರಲೇಬೇಕು. ಅದನ್ನೇ ನೇಟಿವ್ ಕೋಡ್ ಎನ್ನುವುದು. ನೀವು ಬರೆಯದಿದ್ದರೆ ಪ್ಲಗಿನ್ (ಆ್ಯಪಿಗೆ ಜೋಡಿಸಿಕೊಳ್ಳುವ ಸಿದ್ಧ ಕೋಡ್) ಬರೆದವರು ಬರೆದಿರುತ್ತಾರೆ. ಬರೆಯದೆ ಮಾತ್ರ ಗತಿಯಿಲ್ಲ.

ಇದು ಹೊಸ ಸಮಸ್ಯೆಯೂ ಅಲ್ಲ. 2009ರಲ್ಲಿ ಫೋನ್‌ಗ್ಯಾಪ್ ಬಂದಾಗ ವೆಬ್ ಪುಟವನ್ನೇ ಆ್ಯಪಿನ ವೇಷದಲ್ಲಿ ಕೂರಿಸಿ, ಅದರೊಳಗಿನಿಂದ ಫೋನಿನ ಸೌಲಭ್ಯಗಳನ್ನು ಕರೆಯುವ ದಾರಿ ಮಾಡಿದರು. 2011ರಲ್ಲಿ ಹುಟ್ಟಿದ ಝಾಮರಿನ್ ಸಿ-ಶಾರ್ಪ್ ಭಾಷೆಯಿಂದ ಆ ಕೆಲಸ ಮಾಡಿತು. ಫೇಸ್‌ಬುಕ್ 2015ರಲ್ಲಿ ರಿಯಾಕ್ಟ್ ನೇಟಿವ್ ಅನ್ನು ಹೊರಗೆ ಬಿಟ್ಟಿತು, ಗೂಗಲ್ 2018ರ ಡಿಸೆಂಬರ್‌ನಲ್ಲಿ ಫ್ಲಟರ್‌ನ ಮೊದಲ ಪೂರ್ಣ ಆವೃತ್ತಿಯನ್ನು ತಂದಿತು, ಕೋಟ್ಲಿನ್ ಮಲ್ಟಿಪ್ಲಾಟ್‌ಫಾರ್ಮ್ 2023ರ ನವೆಂಬರ್‌ನಲ್ಲಿ ಸ್ಥಿರ ಎನಿಸಿಕೊಂಡಿತು. ಎಲ್ಲರೂ ಒಂದಲ್ಲ ಒಂದು ಬಗೆಯ ಸೇತುವೆ ಕಟ್ಟಿದರು. ಹೊಳೆಯೇ ಇಲ್ಲದಂತೆ ಮಾಡಲು ಯಾರಿಂದಲೂ ಆಗಲಿಲ್ಲ.

ಸೇತುವೆಗಳ ವ್ಯತ್ಯಾಸ ತಿಳಿಯಲು ಕೋಲಾರದ ಎಪಿಎಂಸಿಗೆ ಟೊಮೆಟೊ ಕಾಲದಲ್ಲಿ ಹೋಗಬೇಕು. ಬೇರೆ ರಾಜ್ಯದ ಖರೀದಿದಾರ ಹಿಂದಿಯಲ್ಲಿ ದರ ಕೇಳುತ್ತಾನೆ. ಅದನ್ನು ಇನ್ನೊಬ್ಬರು ಕೇಳಿಸಿಕೊಂಡು, ಬೆಳೆದವರಿಗೆ ಹೇಳಿ, ಅವರ ಉತ್ತರವನ್ನು ಮತ್ತೆ ಹಿಂದಿಗೆ ತಿರುಗಿಸಿ ಮುಟ್ಟಿಸಬೇಕು. ಅಷ್ಟರಲ್ಲಿ ಪಕ್ಕದ ರಾಶಿಯ ಹರಾಜು ಮುಗಿದಿರುತ್ತದೆ. ಅದೇ ಮುಳಬಾಗಿಲಿನವರಾದರೆ ಕನ್ನಡ, ತೆಲುಗು ಎರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತಾರೆ, ನಡುವೆ ಯಾರೂ ಬೇಡ. ರಿಯಾಕ್ಟ್ ನೇಟಿವ್‌ನ ಹಳೆಯ ಸೇತುವೆ ಮೊದಲನೆಯ ಬಗೆಯದು. ಹೇಳಬೇಕಾದದ್ದನ್ನೆಲ್ಲ ಜೇಸನ್ ಎಂಬ ಪಠ್ಯರೂಪಕ್ಕೆ ಇಳಿಸಿ, ಕಂತೆ ಕಟ್ಟಿ ಆಚೆಗೆ ಕಳಿಸಿ, ಉತ್ತರಕ್ಕೆ ಕಾಯುವುದು. ಈಗಿನ ಹೊಸ ವಿನ್ಯಾಸದಲ್ಲಿ ನಡುವೆ ಸಿ++ ಪದರವೊಂದಿದೆ. ಜಾವಾಸ್ಕ್ರಿಪ್ಟ್ ಅದರ ಮೂಲಕ ನೇಟಿವ್ ವಸ್ತುವನ್ನು ನೇರವಾಗಿ ಹಿಡಿದು ಕರೆಯಬಲ್ಲದು, ಬೇಕೆಂದರೆ ಉತ್ತರವನ್ನು ಆ ಕ್ಷಣದಲ್ಲೇ ಪಡೆಯಬಲ್ಲದು. 2024ರ ಅಕ್ಟೋಬರ್‌ನಲ್ಲಿ ಬಂದ 0.76ನೇ ಆವೃತ್ತಿಯಿಂದ ಇದೇ ರೂಢಿಯ ವಿನ್ಯಾಸವಾಯಿತು. ವೇಗದ ಮಟ್ಟಿಗೆ ಒಳ್ಳೆಯ ಸುದ್ದಿ. ಹಳೆಯ ಸೇತುವೆಯನ್ನು ನಂಬಿ ಬರೆದ ಪ್ಲಗಿನ್‌ಗಳ ಮಟ್ಟಿಗೆ ಅಷ್ಟೇನೂ ಅಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹತ್ತು ಅಂಕಿಯ ಪಾಠ

ಫ್ಲಟರ್‌ನಲ್ಲಿ ಎಲ್ಲರೂ ಮೊದಲು ಕಲಿಯುವ ದಾರಿಯ ಹೆಸರು ಮೆಥಡ್ ಚಾನೆಲ್. ಡಾರ್ಟ್ ಕಡೆ ಒಂದು ಚಾನೆಲ್ಲಿಗೆ ಹೆಸರಿಡುತ್ತೀರಿ, ಕೋಟ್ಲಿನ್ ಕಡೆ ಅದೇ ಹೆಸರಿನಲ್ಲಿ ಕಿವಿಗೊಟ್ಟು ಕೂರುತ್ತೀರಿ. ಡಾರ್ಟ್ ‘ಚೀಟಿ ಮುದ್ರಿಸು’ ಎಂದು ಕೂಗಿ ಜೊತೆಗೆ ಒಂದಿಷ್ಟು ವಿವರ ಕೊಡುತ್ತದೆ. ಆ ವಿವರ ಬೈಟ್‌ಗಳಾಗಿ ಆಚೆ ದಾಟಿ, ಕೋಟ್ಲಿನ್ ಕಡೆ ಮತ್ತೆ ಸಂಖ್ಯೆ, ಪದ, ಪಟ್ಟಿಗಳ ರೂಪ ತಾಳುತ್ತದೆ. ಕೆಲಸ ಮುಗಿದ ಮೇಲೆ ಉತ್ತರ ಇದೇ ದಾರಿಯಲ್ಲಿ ಹಿಂದಿರುಗುತ್ತದೆ. ಹತ್ತು ಸಾಲಿನ ಕೋಡ್. ಮೊದಲ ಸಲ ಅದು ಓಡಿದಾಗ, ಬಿ.ಬಿ. ರಸ್ತೆಯ ನನ್ನ ಕೋಣೆಯಲ್ಲಿ ಪುಟ್ಟ ಪ್ರಿಂಟರ್ ‘ಕಿರ್’ ಎಂದು ಸದ್ದು ಮಾಡಿ ಒಂದು ಚೀಟಿ ಉಗುಳಿದಾಗ, ಕೆಲಸ ಮುಗಿದೇ ಹೋಯಿತೆಂದು ನಾನು ಕಾಫಿಗೆ ಹೋದೆ.

ಡೇರಿಯಲ್ಲಿ ಮೊದಲ ದಿನ ಒಂದೇ ಒಂದು ಚೀಟಿಯೂ ಬರಲಿಲ್ಲ. ಆ್ಯಪ್ ಬೀಳಲಿಲ್ಲ, ಕೆಂಪು ಅಕ್ಷರ ತೋರಿಸಲಿಲ್ಲ, ಪ್ರಿಂಟರ್ ದೀಪ ಹಸಿರಾಗಿಯೇ ಇತ್ತು. ಸಾಲಿನಲ್ಲಿದ್ದ ಹಿರಿಯ ಹೆಂಗಸೊಬ್ಬರು ಖಾಲಿ ಕೈ ಚಾಚಿ, “ನನ್ನ ಚೀಟಿ ಎಲ್ಲಪ್ಪ?” ಎಂದರು. ಕಾರ್ಯದರ್ಶಿಗಳು ಏನೂ ಹೇಳದೆ ಹಳೆಯ ಪುಸ್ತಕ ತೆರೆದು ಪೆನ್ನಿನಲ್ಲಿ ಬರೆಯತೊಡಗಿದರು. ಅವರು ಬೈದಿದ್ದರೆ ಇದಕ್ಕಿಂತ ಹಗುರವಾಗಿರುತ್ತಿತ್ತು.

ಕಾರಣ ಸಿಕ್ಕಿದ್ದು ಸಂಜೆ. ಚೀಟಿಯ ವಿವರದ ಜೊತೆ ರೈತರ ಮೊಬೈಲ್ ಸಂಖ್ಯೆಯನ್ನೂ ಕಳಿಸುತ್ತಿದ್ದೆ, ಅದೂ ಪದವಾಗಿ ಅಲ್ಲ, ಅಂಕಿಯಾಗಿ. ಅದು ನನ್ನ ಮೊದಲ ತಪ್ಪು. ಡಾರ್ಟ್‌ನಲ್ಲಿ ಪೂರ್ಣಾಂಕಕ್ಕೆ ಇರುವುದು ಒಂದೇ ಬಗೆ. ಜಾವಾ ಲೋಕದಲ್ಲಿ ಎರಡು: 32 ಬಿಟ್‌ನ ಇಂಟ್, 64 ಬಿಟ್‌ನ ಲಾಂಗ್. ಸಂಖ್ಯೆ ಸೇತುವೆ ದಾಟುವಾಗ ಅದರ ಗಾತ್ರ ನೋಡಿ, 32 ಬಿಟ್‌ನಲ್ಲಿ ಹಿಡಿಸಿದರೆ ಇಂಟ್ ಆಗಿ, ಹಿಡಿಸದಿದ್ದರೆ ಲಾಂಗ್ ಆಗಿ ಆಚೆ ಇಳಿಯುತ್ತದೆ. ಇಂಟ್‌ನ ಮಿತಿ 214 ಕೋಟಿ 74 ಲಕ್ಷ 83 ಸಾವಿರದ 647. ನನ್ನ ಕೋಣೆಯಲ್ಲಿ ಪರೀಕ್ಷೆಗೆಂದು ನಾನು ತುಂಬಿಸಿದ್ದ ಸಂಖ್ಯೆ 12345, ಅದು ಇಂಟ್ ಆಗಿ ಬಂದಿತ್ತು. ಹಳ್ಳಿಯ ನಿಜವಾದ ಸಂಖ್ಯೆಗಳಿಗೆ ಹತ್ತು ಅಂಕಿ. ನಮ್ಮ ದೇಶದ ಮೊಬೈಲ್ ಸಂಖ್ಯೆ ಶುರುವಾಗುವುದೇ ಆರರಿಂದ ಮೇಲೆ, ಹಾಗಾಗಿ ಒಂದೂ ಬಿಡದೆ ಎಲ್ಲವೂ ಲಾಂಗ್. ಇಂಟ್ ಬರುತ್ತದೆಂದು ಕಾದಿದ್ದ ಕೋಟ್ಲಿನ್ ಕೋಡ್ ಲಾಂಗ್ ಕಂಡು ಎಡವಿತು. ಆ ದೋಷವನ್ನು ಫ್ಲಟರ್ ಮರ್ಯಾದೆಯಿಂದ ಹಿಡಿದು ಡಾರ್ಟ್ ಕಡೆಗೆ ಉತ್ತರವಾಗಿ ಕಳಿಸಿತು. ಡಾರ್ಟ್ ಕಡೆ ಅದನ್ನು ಕೇಳಿಸಿಕೊಳ್ಳುವ ಸಾಲನ್ನೇ ನಾನು ಬರೆದಿರಲಿಲ್ಲ. ಅದು ಎರಡನೆಯ ತಪ್ಪು.

ಈ ಕಥೆಯನ್ನು ಉದ್ದಕ್ಕೆ ಹೇಳಿದ್ದಕ್ಕೆ ಕಾರಣವಿದೆ. ಬರೆದ ಕೋಡನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ಇಳಿಸುವ ಸಲಕರಣೆ ಕಂಪೈಲರ್. ಡಾರ್ಟ್‌ನ ಕಂಪೈಲರ್ ಡಾರ್ಟ್ ಕೋಡನ್ನು ಪರೀಕ್ಷಿಸುತ್ತದೆ, ಕೋಟ್ಲಿನ್‌ನದು ಕೋಟ್ಲಿನ್ ಕೋಡನ್ನು. ಇಬ್ಬರೂ ತಂತಮ್ಮ ದಡದಲ್ಲಿ ಕಟ್ಟುನಿಟ್ಟು. ಸೇತುವೆಯ ಮೇಲೆ ಕಾವಲುಗಾರನಿಲ್ಲ. ಹೆಸರಿನ ಒಂದು ಅಕ್ಷರ ತಪ್ಪಿದರೂ, ಬಗೆ ಬೇರೆಯಾದರೂ, ಅದು ತಿಳಿಯುವುದು ಓಡಿಸಿದಾಗ, ಅದೂ ಆ ಗುಂಡಿ ಒತ್ತಿದಾಗ ಮಾತ್ರ. ಇದಕ್ಕೆ ಫ್ಲಟರ್ ತಂಡದವರೇ ಪಿಜನ್ ಎಂಬ ಸಲಕರಣೆ ಕೊಟ್ಟಿದ್ದಾರೆ. ಏನೇನು ದಾಟಬೇಕು ಎಂಬುದನ್ನು ಒಂದು ಕಡೆ ಬರೆದಿಟ್ಟರೆ ಎರಡೂ ದಡದ ಕೋಡನ್ನು ಅದೇ ಹೊಂದಿಸಿ ಬರೆದುಕೊಡುತ್ತದೆ. ಪೂರ್ಣಾಂಕ ಎಂದರೆ ಕೋಟ್ಲಿನ್ ಕಡೆ ಯಾವಾಗಲೂ ಲಾಂಗ್, ಗಾತ್ರ ನೋಡಿ ಬದಲಾಗುವ ಪಂಚಾಯಿತಿಯೇ ಇಲ್ಲ. ರಿಯಾಕ್ಟ್ ನೇಟಿವ್‌ನ ಹೊಸ ವಿನ್ಯಾಸದಲ್ಲಿ ಕೋಡ್‌ಜೆನ್ ಮಾಡುವುದೂ ಇದೇ ಕೆಲಸ. ಮೂರಕ್ಕಿಂತ ಹೆಚ್ಚು ಕರೆಗಳಿರುವ ಯಾವ ಆ್ಯಪಿಗೂ ಕೈಯಿಂದ ಚಾನೆಲ್ ಬರೆಯಬಾರದು ಎಂಬುದು ನನ್ನ ಈಗಿನ ಹಟ. ಯೂಟ್ಯೂಬ್ ಪಾಠಗಳಲ್ಲಿ ಇನ್ನೂ ಕೈಯಿಂದಲೇ ಬರೆಸುತ್ತಾರೆ.

ಕಾಯುವುದು ಯಾರು?

ಎರಡನೆಯ ತೊಡಕು ಥ್ರೆಡ್‌ನದು, ಅಂದರೆ ಆ್ಯಪಿನೊಳಗೆ ಕೆಲಸಗಳು ಒಂದರ ಹಿಂದೊಂದು ನಡೆಯುವ ಸಾಲಿನದು. ಚಾನೆಲ್ಲಿನಿಂದ ಬಂದ ಕರೆ ಆಂಡ್ರಾಯ್ಡ್‌ನಲ್ಲಿ ರೂಢಿಯಾಗಿ ಇಳಿಯುವುದು ಆ್ಯಪಿನ ಮುಖ್ಯ ಥ್ರೆಡ್‌ಗೆ. ಬೆರಳಿನ ಸ್ಪರ್ಶಗಳೂ ಬರುವುದು ಅಲ್ಲಿಗೇ. ಬ್ಲೂಟೂತ್ ಪ್ರಿಂಟರನ್ನು ಸಂಪರ್ಕಿಸುವ ಆಂಡ್ರಾಯ್ಡ್ ಕರೆಯೋ, ಸಂಪರ್ಕ ಸಿಗುವವರೆಗೆ ಬಾಗಿಲಲ್ಲೇ ನಿಂತುಕೊಳ್ಳುವ ಜಾತಿಯದು. ಪ್ರಿಂಟರ್ ಆಫ್ ಆಗಿದ್ದರೆ ಸುಮಾರು 12 ಸೆಕೆಂಡ್ ಕಾದು ಕೈಬಿಡುತ್ತದೆ. ಸ್ಪರ್ಶಕ್ಕೆ ಐದು ಸೆಕೆಂಡ್ ಪ್ರತಿಕ್ರಿಯೆ ಇಲ್ಲದಿದ್ದರೆ ‘ಆ್ಯಪ್ ಪ್ರತಿಕ್ರಿಯಿಸುತ್ತಿಲ್ಲ’ ಎಂದು ಆಂಡ್ರಾಯ್ಡ್ ಸಾರುತ್ತದೆ. ಹನ್ನೆರಡು ಮತ್ತು ಐದು, ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು. ಕಾರ್ಯದರ್ಶಿ ಗುಂಡಿಯನ್ನು ಎರಡನೆಯ ಸಲ, ಮೂರನೆಯ ಸಲ ಒತ್ತುತ್ತಾರೆ, ಯಾರಾದರೂ ಒತ್ತುತ್ತಾರೆ.

ಪರಿಹಾರ ಗೊತ್ತಿರುವುದೇ: ಕಾಯುವ ಕೆಲಸವನ್ನು ಹಿನ್ನೆಲೆಯ ಥ್ರೆಡ್‌ಗೆ ಸರಿಸಿ, ಉತ್ತರವನ್ನು ಮಾತ್ರ ಮುಖ್ಯ ಥ್ರೆಡ್‌ಗೆ ಮರಳಿಸಬೇಕು. ಆದರೆ ಇದನ್ನು ಬರೆಯಬೇಕಾದದ್ದು ಕೋಟ್ಲಿನ್‌ನಲ್ಲಿ. ಡಾರ್ಟ್ ಕಡೆ ‘ಅವೇಟ್’ (ಉತ್ತರಕ್ಕೆ ಕಾಯಿ) ಎಂದು ಬರೆದುಬಿಟ್ಟರೆ ಎಲ್ಲವೂ ಹಿನ್ನೆಲೆಗೆ ಹೋಯಿತು ಎಂದು ನಂಬುವ ಹುಡುಗರನ್ನು ನಾನು ಸಂದರ್ಶನಗಳಲ್ಲಿ ಬಹಳ ಕಂಡಿದ್ದೇನೆ. ಡಾರ್ಟ್ ಕಾಯುತ್ತಿರುವುದು ನಿಜ. ಆಚೆ ದಡದಲ್ಲಿ ಯಾರು ಕಾಯುತ್ತಿದ್ದಾರೆ ಎನ್ನುವುದು ಬೇರೆಯೇ ಪ್ರಶ್ನೆ. 2025ರ ಫೆಬ್ರುವರಿಯ ಫ್ಲಟರ್ 3.29ರಿಂದ ಡಾರ್ಟ್ ಕೋಡೂ ಫೋನಿನ ಮುಖ್ಯ ಥ್ರೆಡ್‌ನಲ್ಲೇ ಓಡುತ್ತದೆ. ನೇಟಿವ್ ಕರೆಗಳನ್ನು ಕಾಯದೆ ಮಾಡಲು ಅದರಿಂದ ದಾರಿ ತೆರೆಯಿತು. ಒಬ್ಬರು ಅಡ್ಡ ಕೂತರೆ ಇಬ್ಬರೂ ನಿಲ್ಲುತ್ತಾರೆ ಎಂಬ ಅಪಾಯವೂ ಜೊತೆಗೇ ಬಂತು.

ತೂಕದ ಯಂತ್ರದ ಕಥೆ ಇನ್ನೊಂದು ಬಗೆಯದು. ಅದು ಕೇಳಿದಾಗ ಉತ್ತರ ಕೊಡುವುದಿಲ್ಲ, ಸುಮ್ಮನೆ ಮಾತನಾಡುತ್ತಲೇ ಇರುತ್ತದೆ. ಬೈಟ್‌ಗಳನ್ನು ಒಂದರ ಹಿಂದೊಂದು ಕಳಿಸುವ ಹಿಂಬದಿಯ ಸೀರಿಯಲ್ ಪೋರ್ಟಿನಿಂದ ಸಾಮಾನ್ಯವಾಗಿ 9600 ಬಾಡ್ ವೇಗದಲ್ಲಿ, ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 960 ಬೈಟ್, ತೂಕವನ್ನು ಮತ್ತೆ ಮತ್ತೆ ಹೇಳುತ್ತದೆ. ಆ ಪೋರ್ಟಿಗೆ ಒಂದು ಅಗ್ಗದ ಬ್ಲೂಟೂತ್ ತುಂಡು ಸಿಕ್ಕಿಸಿದರೆ ಮಾತು ಫೋನಿಗೆ ಗಾಳಿಯಲ್ಲಿ ಬರುತ್ತದೆ. ಇಂಥ ಹರಿವಿಗೆ ಫ್ಲಟರ್‌ನಲ್ಲಿ ಈವೆಂಟ್ ಚಾನೆಲ್ ಇದೆ. ತೊಂದರೆ ಏನೆಂದರೆ ಬೈಟ್‌ಗಳು ವಾಕ್ಯವಾಗಿ ಬರುವುದಿಲ್ಲ, ಚೂರುಚೂರಾಗಿ ಬರುತ್ತವೆ. ‘12.’ ಒಂದು ಸಲ, ‘45’ ಇನ್ನೊಂದು ಸಲ. ಸಾಲಿನ ಕೊನೆಯ ಗುರುತು ಬರುವವರೆಗೆ ಕೂಡಿಹಾಕದೆ ಓದಿದರೆ ಹನ್ನೆರಡು ಕಿಲೋ ನಲವತ್ತೈದು ಕಿಲೋ ಆಗಲು ಕ್ಷಣ ಸಾಕು. ಕ್ಯಾನು ಅಲುಗಾಡುತ್ತಿರುವಾಗಿನ ತೂಕವನ್ನೂ ಬಿಡಬೇಕು.

ಹಾಗಾದರೆ ಈ ಕೂಡಿಸುವ, ಸೋಸುವ ಬುದ್ಧಿಯನ್ನು ಯಾವ ದಡದಲ್ಲಿ ಇಡಬೇಕು? ಇದೇ ಈ ಕಸುಬಿನ ಮುಖ್ಯ ಪ್ರಶ್ನೆ ಎಂದು ನಾನು ಭಾವಿಸುತ್ತೇನೆ. ಮೊದಲು ಅದನ್ನೆಲ್ಲ ಕೋಟ್ಲಿನ್‌ನಲ್ಲಿ ಬರೆದಿದ್ದೆ. ಆಮೇಲೆ ಕಿತ್ತು ಡಾರ್ಟ್‌ಗೆ ತಂದೆ. ಈಗ ನನ್ನ ಕೋಟ್ಲಿನ್ ಕೋಡ್ ಮಾಡುವುದು ಬೈಟ್ ತಂದು ಸುರಿಯುವ ಕೂಲಿ ಕೆಲಸ ಮಾತ್ರ. ಅದು ತೂಕವೋ, ಹಾಲೋ, ರೇಷ್ಮೆಗೂಡೋ ಎಂಬುದು ಅದಕ್ಕೆ ತಿಳಿಯದು. ಡಾರ್ಟ್ ಕಡೆಯ ಕೋಡನ್ನು ತಕ್ಕಡಿ ಇಲ್ಲದೆಯೂ ಮೇಜಿನ ಮುಂದೆ ಕುಳಿತು ಪರೀಕ್ಷಿಸಬಹುದು, ನಾಳೆ ಐಫೋನಿಗೂ ಅದೇ ಉಳಿಯುತ್ತದೆ. ಸೆಕೆಂಡಿಗೆ 960 ಬೈಟ್ ಯಾವ ಸೇತುವೆಗೂ ಭಾರವಲ್ಲ.

ಕ್ಯಾಮೆರಾ ಆದರೆ ಇದೇ ಲೆಕ್ಕ ತಲೆಕೆಳಗು. ಹಸುವಿನ ಕಿವಿಗೆ ಹಾಕುವ ಹಳದಿ ಬಿಲ್ಲೆಯ ಮೇಲೆ 12 ಅಂಕಿಯ ಗುರುತಿನ ಸಂಖ್ಯೆಯೂ ಬಾರ್‌ಕೋಡೂ ಇರುತ್ತವೆ. ಅದನ್ನು ಫೋನಿನಿಂದ ಓದಬೇಕೆಂದರೆ, 1280 ಬೈ 720 ಚುಕ್ಕಿ ಅಳತೆಯ ಒಂದು ಚಿತ್ರಕ್ಕೆ ಕ್ಯಾಮೆರಾದ ರೂಢಿಯ ರೂಪದಲ್ಲಿ ಸುಮಾರು 13.8 ಲಕ್ಷ ಬೈಟ್. ಸೆಕೆಂಡಿಗೆ 30 ಚಿತ್ರ ಎಂದರೆ ನಾಲ್ಕು ಕೋಟಿ ಬೈಟ್‌ಗೂ ಮೀರುತ್ತದೆ. ಇದನ್ನೆಲ್ಲ ಸೇತುವೆಯ ಮೇಲೆ ಸಾಗಿಸಿ ಡಾರ್ಟ್‌ನಲ್ಲಿ ಬಾರ್‌ಕೋಡ್ ಹುಡುಕುವುದು ಹೊಲದ ಮಣ್ಣನ್ನೆಲ್ಲ ಮನೆಗೆ ಹೊತ್ತು ತಂದು ಕಡಲೆಕಾಯಿ ಆರಿಸಿದಂತೆ. ಅಲ್ಲೇ ಆರಿಸಿ, 12 ಅಂಕಿ ಮಾತ್ರ ದಾಟಿಸಬೇಕು.

ಒತ್ತಕ್ಷರದ ಪ್ರಿಂಟರ್

ಪ್ರಿಂಟರ್ ನನ್ನನ್ನು ಅತಿ ಹೆಚ್ಚು ಕಾಡಿತು, ಅತಿ ಹೆಚ್ಚು ಕಲಿಸಿತು ಕೂಡ. ಎರಡು ಇಂಚಿನ, ಅಂದರೆ 58 ಮಿಲಿಮೀಟರ್ ಕಾಗದದ ಈ ಶಾಖದ ಪ್ರಿಂಟರ್‌ಗಳಿಗೆ ಇಂಗ್ಲಿಷ್ ಅಕ್ಷರಗಳನ್ನು ನೇರವಾಗಿ ಕಳಿಸಿದರೆ ತಾವೇ ಮುದ್ರಿಸುತ್ತವೆ. ಕನ್ನಡ ಕಳಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು, ಇಲ್ಲವೇ ಯಾವುದೋ ದೇಶದ ಅಕ್ಷರಗಳು. ನಮ್ಮ ಲಿಪಿಯ ಅಚ್ಚು ಅವುಗಳೊಳಗೆ ಇಲ್ಲ. ಇದ್ದರೂ ಸಾಲದು: ‘ಲಕ್ಷ್ಮಮ್ಮ’ ಎಂದು ಬರೆಯಲು ಯಾವ ಅಕ್ಷರ ಯಾವುದರ ಅಡಿಗೆ ಇಳಿಯಬೇಕು ಎಂಬ ಜೋಡಣೆಯ ತಿಳಿವಳಿಕೆ ಬೇಕು. ಹಾಗಾಗಿ ಇಡೀ ಚೀಟಿಯನ್ನು ಚಿತ್ರವಾಗಿ ಬಿಡಿಸಿ, ಚುಕ್ಕಿಗಳಾಗಿ ಕಳಿಸಬೇಕು.

ಇದನ್ನು ಮೊದಲು ಆಂಡ್ರಾಯ್ಡ್‌ನ ಸ್ವಂತ ಚಿತ್ರಣ ಸೌಲಭ್ಯದಿಂದ, ಕೋಟ್ಲಿನ್‌ನಲ್ಲಿ ಮಾಡಿದ್ದೆ. ಆಮೇಲೆ ಹೊಳೆಯಿತು: ಫ್ಲಟರ್ ತನ್ನ ಪರದೆಯ ಪ್ರತಿ ಅಕ್ಷರವನ್ನೂ ತಾನೇ ಬಿಡಿಸುತ್ತದೆ, ಅದರೊಳಗೆ ಹಾರ್ಫ್‌ಬಝ್ ಎಂಬ ಅಕ್ಷರ ಜೋಡಣೆಯ ಯಂತ್ರ ಈಗಾಗಲೇ ಇದೆ, ಕನ್ನಡದ ಒತ್ತಕ್ಷರ ಅದಕ್ಕೆ ಗೊತ್ತು. ಪರದೆಗೆ ಬಿಡಿಸುವುದನ್ನೇ ಚಿತ್ರಕ್ಕೆ ಬಿಡಿಸಿ, ಕಪ್ಪು ಬಿಳುಪಿಗೆ ಇಳಿಸಿ, ಬೈಟ್‌ಗಳನ್ನಷ್ಟೇ ಆಚೆಗೆ ಕಳಿಸಿದರೆ ಆಯಿತು. ನೇಟಿವ್ ಕಡೆಯ ಇನ್ನೂರು ಚಿಲ್ಲರೆ ಸಾಲು ಅಳಿಸಿಹಾಕಿದೆ. ಕೋಡ್ ಬರೆದ ದಿನಕ್ಕಿಂತ ಅಳಿಸಿದ ದಿನ ಹೆಚ್ಚು ಸಂತೋಷ ಕೊಡುತ್ತದೆ ಎಂಬುದು ಕಸುಬಿನವರಿಗೆ ಗೊತ್ತು.

ಲೆಕ್ಕ ನೋಡಿ. ಈ ಪ್ರಿಂಟರಿನ ಒಂದು ಅಡ್ಡಸಾಲಿಗೆ 384 ಚುಕ್ಕಿ, ಅಂದರೆ 48 ಬೈಟ್. ಮುನ್ನೂರು ಸಾಲಿನ ಚೀಟಿಗೆ 14,400 ಬೈಟ್. ಹಳೆಯ ಬಗೆಯ ಬ್ಲೂಟೂತ್‌ನಲ್ಲಿ ಇದು ಹರಿದು ಹೋಗುತ್ತದೆ, ಪ್ರಿಂಟರಿನ ಪುಟ್ಟ ನೆನಪು (ಮೆಮೊರಿ) ತುಂಬಿ ಚೆಲ್ಲದಂತೆ ನಡುನಡುವೆ ಉಸಿರು ಬಿಡಬೇಕು ಅಷ್ಟೇ. ಕಡಿಮೆ ವಿದ್ಯುತ್ತಿನ ಹೊಸ ಬಗೆಯ ಬ್ಲೂಟೂತ್, ಕಸುಬಿನವರು ಬಿಎಲ್‌ಇ ಎನ್ನುವುದು, ಏನೂ ಹೊಂದಿಸದಿದ್ದರೆ ಒಂದು ಸಲಕ್ಕೆ ಒಯ್ಯುವುದು 20 ಬೈಟ್. ಅದೇ ಚೀಟಿ 720 ತುಂಡುಗಳಾಗುತ್ತದೆ. ತುಂಡಿನ ಅಳತೆ ಹಿಗ್ಗಿಸಲು ಎರಡೂ ಕಡೆ ಒಪ್ಪಂದವಾಗಬೇಕು. ಆಂಡ್ರಾಯ್ಡ್‌ನಲ್ಲಿ ಅದನ್ನು ನಾವೇ ಕೇಳಬೇಕು, ಐಫೋನಿನಲ್ಲಿ ವ್ಯವಸ್ಥೆಯೇ ಕೇಳಿಕೊಳ್ಳುತ್ತದೆ. ಒಂದೇ ಕೋಡ್ ಎನ್ನುವವರು ಇಂಥ ಕಡೆ ಸ್ವಲ್ಪ ಮೌನವಾಗುತ್ತಾರೆ.

ಐಫೋನಿನ ಮಾತು ಬಂದದ್ದರಿಂದ ಅದನ್ನೂ ಮುಗಿಸುತ್ತೇನೆ. ತೂಕದ ಯಂತ್ರಕ್ಕೆ ಸಿಕ್ಕಿಸಿದ ಅಗ್ಗದ ತುಂಡು ಹಳೆಯ ಬಗೆಯ ಸೀರಿಯಲ್ ಬ್ಲೂಟೂತ್. ಆ್ಯಪಲ್‌ನ ಪರವಾನಗಿ ಯೋಜನೆಯಲ್ಲಿ ಸೇರಿದ ಸಾಧನಗಳನ್ನು ಬಿಟ್ಟರೆ, ಅಂಥವುಗಳ ಜೊತೆ ಮಾತನಾಡಲು ಐಫೋನ್ ಆ್ಯಪ್‌ಗಳನ್ನು ಬಿಡುವುದಿಲ್ಲ. ಬಿಎಲ್‌ಇ ಆದರೆ ಬಿಡುತ್ತದೆ. ಅಂದರೆ ಇಲ್ಲಿ ಬದಲಾಗಬೇಕಾದದ್ದು ಕೋಡ್ ಅಲ್ಲ, ತಕ್ಕಡಿಯ ಹಿಂದಿನ ತುಂಡು. ಫ್ಲಟರ್ ಇರಲಿ, ಸ್ವಿಫ್ಟ್ ಇರಲಿ, ಉತ್ತರ ಒಂದೇ. ಡೇರಿಯಲ್ಲಿ ಯಾರ ಬಳಿಯೂ ಐಫೋನ್ ಇರಲಿಲ್ಲವಾದ್ದರಿಂದ ನಾನು ಬಚಾವಾದೆ.

ಅನುಮತಿಗಳ ಗೋಳು ಎಲ್ಲರಿಗೂ ಗೊತ್ತಿರುವುದೇ. ಆಂಡ್ರಾಯ್ಡ್ 12ಕ್ಕಿಂತ ಹಿಂದಿನ ಫೋನುಗಳಲ್ಲಿ ಸುತ್ತಲಿನ ಬ್ಲೂಟೂತ್ ಸಾಧನ ಹುಡುಕಲು ಸ್ಥಳದ ಅನುಮತಿ ಕೇಳಬೇಕು. 12ರಿಂದ ಈಚೆಗೆ ‘ಹತ್ತಿರದ ಸಾಧನಗಳು’ ಎಂಬ ಬೇರೆ ಅನುಮತಿ. ಹಳ್ಳಿಯಲ್ಲಿ ಎರಡೂ ಕಾಲದ ಫೋನುಗಳಿವೆ, ಎರಡೂ ದಾರಿ ಬರೆಯಬೇಕು. “ಪ್ರಿಂಟರ್ ಹುಡುಕಲು ನಾನು ಎಲ್ಲಿದ್ದೇನೆ ಅಂತ ಯಾಕೆ ಕೇಳುತ್ತದೆ?” ಎಂದು ಕಾರ್ಯದರ್ಶಿಗಳು ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ಗೂಗಲ್ ಅದಕ್ಕೆ ಒಪ್ಪಿ ಬದಲಾಯಿಸಲು 2021ರವರೆಗೆ ತೆಗೆದುಕೊಂಡಿತು.

ಬರೆದವರು ಹೋದ ಮೇಲೆ

ಇಷ್ಟೆಲ್ಲ ಏಕೆ, ಸಿದ್ಧ ಪ್ಲಗಿನ್ ಹಾಕಿಕೊಂಡರಾಯಿತಲ್ಲ ಎಂದು ಕೇಳುವವರಿದ್ದಾರೆ. ಹಾಕಿಕೊಳ್ಳಬೇಕು, ನಾನೂ ಹಾಕಿಕೊಳ್ಳುತ್ತೇನೆ. ಆದರೆ ಪ್ಲಗಿನ್ ಎಂದರೆ ಬೇರೊಬ್ಬರು ಬರೆದ ಅದೇ ನೇಟಿವ್ ಕೋಡ್. ಬಹಳ ಸಲ ಒಬ್ಬನೇ ಒಬ್ಬ, ಸಂಬಳವಿಲ್ಲದೆ, ತನ್ನ ಅಗತ್ಯಕ್ಕೆ ಬರೆದು ಹಂಚಿದ್ದು. ಅವನ ಅಗತ್ಯ ತೀರಿದ ದಿನ ಅದು ಅನಾಥ. ಕೆಳಗಿನ ನೆಲವೋ ಪ್ರತಿವರ್ಷ ಅಲುಗಾಡುತ್ತದೆ. 2023ರಲ್ಲಿ ಆಂಡ್ರಾಯ್ಡ್ ಆ್ಯಪ್ ಕಟ್ಟುವ ಸಲಕರಣೆಯ 8ನೇ ಆವೃತ್ತಿ ಬಂದಾಗ ಪ್ರತಿ ಪ್ಲಗಿನ್ನೂ ತನ್ನ ‘ನೇಮ್‌ಸ್ಪೇಸ್’ (ತನ್ನ ಕೋಡಿನ ಗುರುತಿನ ಹೆಸರು) ಅನ್ನು ಒಂದು ಸಾಲಿನಲ್ಲಿ ಹೇಳಲೇಬೇಕೆಂಬ ನಿಯಮ ಬಂತು. ಆ ಒಂದು ಸಾಲು ಇಲ್ಲದ್ದಕ್ಕೆ ಎಷ್ಟೋ ಆ್ಯಪ್‌ಗಳು ಕಟ್ಟಲಾಗದೆ ನಿಂತವು. ಪ್ಲಗಿನ್‌ನ ಒಡೆಯ ಇಲ್ಲ; ನೀವೇ ಅದರ ಪ್ರತಿ ಮಾಡಿಕೊಂಡು ತಿದ್ದಬೇಕು. ರಿಯಾಕ್ಟ್ ನೇಟಿವ್‌ನ ಹೊಸ ವಿನ್ಯಾಸ ಮಾಡಿದ್ದೂ ಅದನ್ನೇ, ಇನ್ನೂ ದೊಡ್ಡ ಪ್ರಮಾಣದಲ್ಲಿ. 2025ರ ಅಕ್ಟೋಬರ್‌ನ 0.82ನೇ ಆವೃತ್ತಿ ಹಳೆಯ ವಿನ್ಯಾಸದಲ್ಲಿ ಓಡುವ ಆಯ್ಕೆಯನ್ನೇ ತೆಗೆದುಹಾಕಿತು. ಚೌಕಟ್ಟೇ ಕಣ್ಣು ಮುಚ್ಚುವುದೂ ಉಂಟು: ಝಾಮರಿನ್‌ಗೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2024ರ ಮೇ 1ಕ್ಕೆ ಮುಗಿಯಿತು. ಏರ್‌ಬಿಎನ್‌ಬಿಯಂಥ ದೊಡ್ಡ ಕಂಪನಿಯೇ ರಿಯಾಕ್ಟ್ ನೇಟಿವ್ ಬಿಟ್ಟು ಪೂರ್ತಿ ನೇಟಿವ್‌ಗೆ ಮರಳುವುದಾಗಿ 2018ರಲ್ಲಿ ಸಾರಿತ್ತು. ಅವರ ಕಾರಣಗಳು ನಮಗೆ ಪೂರ್ತಿ ಹೊಂದುವುದಿಲ್ಲ, ಎರಡೆರಡು ತಂಡ ಸಾಕುವ ಶಕ್ತಿ ನಮಗಿಲ್ಲ. ಆದರೆ ಎರಡು ಕೋಡ್ ಒಂದಾಗುವ ಬದಲು ಮೂರಾಗಬಹುದು (ಆಂಡ್ರಾಯ್ಡ್‌ನದು, ಐಫೋನಿನದು, ನಡುವಿನದು) ಎಂಬ ಅವರ ಅನುಭವ ಮಾತ್ರ ಚಿಕ್ಕಬಳ್ಳಾಪುರಕ್ಕೂ ಸಲ್ಲುತ್ತದೆ.

ಫ್ಯಾಟ್ ಯಂತ್ರ ನನಗೆ ಕಲಿಸಿದ್ದು ಇದನ್ನೇ, ಸ್ವಲ್ಪ ಕ್ರೂರವಾಗಿ. ಅದನ್ನು ಮಾರಿದವರು ಯಂತ್ರದ ಜೊತೆ ಮಾತನಾಡಲು ಒಂದು ಕಡತ ಕೊಟ್ಟರು. ಸಿ ಭಾಷೆಯಲ್ಲಿ ಬರೆದು ಕಂಪೈಲ್ ಮಾಡಿದ ಲೈಬ್ರರಿ, ಮೂಲ ಕೋಡ್ ಇಲ್ಲ. ಇಲ್ಲಿ ‘ನೇಟಿವ್’ ಪದಕ್ಕೆ ಎರಡು ಅರ್ಥವಿದೆ ಎಂಬುದನ್ನು ಗಮನಿಸಬೇಕು: ಫ್ಲಟರ್‌ನವರಿಗೆ ಕೋಟ್ಲಿನ್ ನೇಟಿವ್, ಕೋಟ್ಲಿನ್‌ನವರಿಗೆ ಸಿ ನೇಟಿವ್. ಡಾರ್ಟ್‌ನಿಂದ ಚಾನೆಲ್ ಮೂಲಕ ಕೋಟ್ಲಿನ್‌ಗೆ, ಅಲ್ಲಿಂದ ಇನ್ನೊಂದು ಸೇತುವೆ ಹಾದು ಸಿ ಭಾಷೆಗೆ ಹೋಗಬಹುದು. ಇಲ್ಲವೇ ಎಫ್‌ಎಫ್‌ಐ ಎಂಬ ದಾರಿಯಲ್ಲಿ ಡಾರ್ಟ್‌ನಿಂದ ನೇರವಾಗಿ ಸಿ ಭಾಷೆಗೇ ಇಳಿಯಬಹುದು, ಸಂದೇಶವಿಲ್ಲ, ಕಾಯುವುದಿಲ್ಲ. ನಾನು ಎರಡನೆಯದನ್ನು ಹಿಡಿದೆ, ವೇಗ ನೋಡಿ ಬೆರಗಾದೆ. ಆದರೆ ಆ ದಾರಿಯಲ್ಲಿ ತಪ್ಪಿದರೆ ಹಿಡಿಯುವ ಕೈ ಇಲ್ಲ. ಸಿ ಕೋಡ್ ತನ್ನದಲ್ಲದ ನೆನಪನ್ನು ಮುಟ್ಟಿದರೆ ದೋಷದ ಸಂದೇಶ ಬರುವುದಿಲ್ಲ, ಇಡೀ ಆ್ಯಪ್ ಮಾಯವಾಗುತ್ತದೆ.

ಅದನ್ನೂ ಸರಿಮಾಡಿದ್ದಾಯಿತು. ಆಮೇಲೆ ಬಂತು 16 ಕೆಬಿ ನಿಯಮ. ಫೋನಿನ ನೆನಪನ್ನು ವ್ಯವಸ್ಥೆ ಪುಟಗಳಾಗಿ ಹಂಚುತ್ತದೆ. ಮೊದಲು ಪುಟದ ಅಳತೆ 4 ಕೆಬಿ ಇತ್ತು. ಆಂಡ್ರಾಯ್ಡ್ 15ರಿಂದ 16 ಕೆಬಿ ಪುಟದ ಫೋನುಗಳಿಗೂ ಅವಕಾಶ. ಹೆಚ್ಚು ನೆನಪಿರುವ ಫೋನುಗಳಲ್ಲಿ ಇದರಿಂದ ವೇಗ ಹೆಚ್ಚುತ್ತದೆ. ಆದರೆ 4 ಕೆಬಿಗೆ ಹೊಂದಿಸಿ ಕಂಪೈಲ್ ಮಾಡಿದ ಸಿ ಲೈಬ್ರರಿಯನ್ನು 16ಕ್ಕೆ ಮತ್ತೆ ಕಂಪೈಲ್ ಮಾಡಬೇಕು. 2025ರ ನವೆಂಬರ್ 1ರಿಂದ, ಆಂಡ್ರಾಯ್ಡ್ 15 ಅಥವಾ ಮೇಲಿನದನ್ನು ಗುರಿಯಾಗಿಟ್ಟ ಹೊಸ ಆ್ಯಪ್‌ಗಳೂ ಹೊಸ ಆವೃತ್ತಿಗಳೂ ಇದಕ್ಕೆ ಹೊಂದಿರಲೇಬೇಕು ಎಂದು ಗೂಗಲ್ ಪ್ಲೇ ಹೇಳಿತು. ಹಳೆಯದನ್ನೇ ಗುರಿಯಾಗಿಟ್ಟು ತಪ್ಪಿಸಿಕೊಳ್ಳೋಣವೆಂದರೆ, ಆಂಡ್ರಾಯ್ಡ್ 15ನ್ನು ಗುರಿಯಾಗಿಡಬೇಕೆಂಬ ನಿಯಮ ಅದೇ ವರ್ಷದ ಆಗಸ್ಟ್ 31ಕ್ಕೇ ಬಂದಿತ್ತು. ಫ್ಲಟರ್‌ನ ಸ್ವಂತ ಭಾಗವನ್ನು ಅವರೇ ಹೊಂದಿಸಿದರು, ಆವೃತ್ತಿ ಏರಿಸಿಕೊಂಡರೆ ಸಾಕಾಯಿತು. ಯಂತ್ರ ಮಾರಿದವರು ಕೊಟ್ಟ ಕಡತವನ್ನು ಯಾರು ಹೊಂದಿಸಬೇಕು? ಮೂಲ ಕೋಡ್ ನನ್ನಲ್ಲಿಲ್ಲ. ಅವರಿಗೆ ಮೂರು ಸಲ ಪತ್ರ ಬರೆದೆ. ಆ ಮಾದರಿಯ ಯಂತ್ರ ಈಗ ಮಾಡುತ್ತಿಲ್ಲ, ಹೊಸ ಯಂತ್ರ ಕೊಂಡರೆ ಹೊಸ ಲೈಬ್ರರಿ ಸಿಗುತ್ತದೆ ಎಂದರು.

ಕೊನೆಗೆ ಲೈಬ್ರರಿಯನ್ನೇ ಬಿಟ್ಟೆ. ಯಂತ್ರದ ಸೀರಿಯಲ್ ಪೋರ್ಟಿಗೆ ನೇರವಾಗಿ ಕಿವಿಗೊಟ್ಟು, ಅದು ಯಾವ ಕ್ರಮದಲ್ಲಿ ಯಾವ ಬೈಟ್ ಹೇಳುತ್ತದೆ ಎಂಬುದನ್ನು ಎರಡು ವಾರ ಕೂತು ಪಟ್ಟಿ ಮಾಡಿ, ಡಾರ್ಟ್‌ನಲ್ಲಿ ಓದತೊಡಗಿದೆ. ತೂಕದ ಯಂತ್ರಕ್ಕೆ ಬರೆದ ಕೂಲಿ ಕೋಡೇ ಇದಕ್ಕೂ ಸಾಕಾಯಿತು. ಈಗಿನ ಕೃತಕ ಬುದ್ಧಿಮತ್ತೆ ಕೋಟ್ಲಿನ್ ಕೋಡನ್ನು ಕೇಳಿದ ತಕ್ಷಣ ಬರೆದುಕೊಡುತ್ತದೆ, ಚೆನ್ನಾಗಿಯೂ ಬರೆಯುತ್ತದೆ; ಆದರೆ ಆ ಯಂತ್ರದ ಪಕ್ಕ ಹಾಲಿನ ಲೋಟ ಹಿಡಿದು ಕೂರುವುದು ನಾನೇ ಆಗಿತ್ತು.

ಈಗ ಯಾರಾದರೂ ಕೆಲಸ ತಂದರೆ ನಾನು ಪರದೆಗಳನ್ನು ಎಣಿಸುವುದಿಲ್ಲ, ಮೇಜಿನ ಮೇಲಿನ ಯಂತ್ರಗಳನ್ನು ಎಣಿಸುತ್ತೇನೆ. ಪ್ರತಿ ಯಂತ್ರದ ಕಾಗದ ಕೇಳುತ್ತೇನೆ: ಅದು ಮಾತನಾಡುವ ಕ್ರಮವನ್ನು ಬರೆದು ಕೊಟ್ಟಿದ್ದಾರೆಯೋ, ಮುಚ್ಚಿದ ಲೈಬ್ರರಿ ಕೊಟ್ಟಿದ್ದಾರೆಯೋ? ಎರಡನೆಯದಾದರೆ ದರ ಹೆಚ್ಚು. ವರ್ಷಕ್ಕೊಮ್ಮೆ ನೇಟಿವ್ ಭಾಗವನ್ನು ಹೊಸ ಆಂಡ್ರಾಯ್ಡ್‌ಗೆ ಹೊಂದಿಸುವ ಖರ್ಚನ್ನು ಕೊಟೇಶನ್‌ನಲ್ಲಿ ಬೇರೆ ಸಾಲಾಗಿ ಬರೆಯುತ್ತೇನೆ. ಈ ಸಾಲು ನೋಡಿ ಎದ್ದು ಹೋದವರೂ ಇದ್ದಾರೆ. ತುಮಕೂರಿನಿಂದ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗುವ ಹುಡುಗ ಹುಡುಗಿಯರು ಕೆಲಸ ಕೇಳಿ ಬಂದಾಗ, ಫ್ಲಟರ್ ಎಷ್ಟು ಗೊತ್ತು ಎಂದು ಕೇಳುವುದನ್ನೂ ಬಿಟ್ಟಿದ್ದೇನೆ. ಅದು ಎಲ್ಲರಿಗೂ ಗೊತ್ತು. ಒಂದು ಪ್ರಿಂಟರನ್ನು ಮುಂದಿಟ್ಟು, ಅದರ ಸ್ವಿಚ್ ಆಫ್ ಮಾಡಿ, ಈಗ ಏನಾಗುತ್ತದೆ ಹೇಳಿ ಎನ್ನುತ್ತೇನೆ.

ಡೇರಿಯ ಆ್ಯಪ್ ಓಡುತ್ತಿದೆ. ಹಿಂದಿನ ವಾರ ಹೋದಾಗ ಹೊಸ ಫೋನು ಮೇಜಿನ ಮೇಲಿತ್ತು. ಲೈಬ್ರರಿಯ ಕಾಲದ ಹಳೆಯ ಫೋನು ಗೋಡೆಯ ಗೂಡಿನಲ್ಲಿ, ಚಾರ್ಜ್ ತುಂಬಿ, ಹಾಗೆಯೇ ಇತ್ತು. ಅದರ ಬೆನ್ನಿಗೆ ಕಾರ್ಯದರ್ಶಿಗಳು ಚೀಟಿಯ ಕಾಗದದ ತುಂಡೊಂದನ್ನು ಅಂಟಿಸಿ ಪೆನ್ನಿನಲ್ಲಿ ಬರೆದಿದ್ದರು: ‘ಇದನ್ನು ಅಪ್‌ಡೇಟ್ ಮಾಡಬೇಡಿ.’